ನಡುವಿಗೆ ತಳ್ಳಿದ ಬಟ್ಟಲು

ಬೆಲ್ಟಿನಷ್ಟು ಅಗಲದ ನೂಡಲ್ಸ್ ತಿನ್ನಬೇಕೆಂದರೆ ಮೊದಲು ಮಾನ ಮರ್ಯಾದೆಯನ್ನು ಬದಿಗಿಡಬೇಕು. ಕಡ್ಡಿಯಲ್ಲಿ ಹಿಡಿದು ಎತ್ತಿದರೆ ಒಂದು ತುದಿ ಬಾಯಿಗೆ ಬರುತ್ತದೆ, ಇನ್ನೊಂದು ಬಟ್ಟಲಲ್ಲೇ ಕೂತಿರುತ್ತದೆ. ಸುರ್ರೆಂದು ಒಳಗೆಳೆದುಕೊಳ್ಳಲು ಅದೇನು ಶಾವಿಗೆಯಲ್ಲ. ಕಚ್ಚಬೇಕು, ಕಚ್ಚಿ ಉಳಿದದ್ದನ್ನು ಮತ್ತೆ ಬಟ್ಟಲಿಗೇ ಬಿಡಬೇಕು. ಅಂದರೆ ಮೊದಲ ತುತ್ತಿಗೇ ಬಟ್ಟಲು ಪೂರ್ತಿ ಎಂಜಲು. ನಾನು ಬೆಳೆದ ಮನೆಯಲ್ಲಿ ಸಾರಿನ ಸೌಟನ್ನು ಯಾರಾದರೂ ನಾಲಿಗೆಗೆ ತಾಗಿಸಿದರೆ ಅವತ್ತಿನ ಸಾರು ಎಮ್ಮೆಯ ಬಾನಿಗೆ ಹೋಗುತ್ತಿತ್ತು. ಅಂಥ ಮನೆಯ ಮಗಳು ಈ ಡಚ್ಚರ ದೇಶಕ್ಕೆ ಬಂದು ಮನಸಾರೆ ಮೆಚ್ಚಿದ ಊಟ ಇದು. ಏನು ಹೇಳುವುದು.

ಅಂಗಡಿ ಇರುವುದು ಬೈಟನ್‌ವೆಲ್ಡರ್ಟ್‌ನಲ್ಲಿ, ಸೈಕಲ್ ರಿಪೇರಿಯವನ ಪಕ್ಕ. ನಮ್ಮ ಮನೆ ಆಮ್ಸ್ಟೆಲ್‌ವೀನ್‌ನಲ್ಲಿ. ಟ್ರಾಮ್ ಹತ್ತಿದರೆ ಕೂತು ಬೆನ್ನು ಬೆಚ್ಚಗಾಗುವುದರೊಳಗೆ ಇಳಿಯಬೇಕು. ಗಂಡ ಹೆಂಡತಿ ಇಬ್ಬರೇ ನಡೆಸುವ ಅಂಗಡಿ. ಚೀನಾದ ಶಿಆನ್ ಎಂಬ ಊರಿನ ಕಡೆಯವರು. ಅಲ್ಲಿ ಅಕ್ಕಿಗಿಂತ ಗೋಧಿಯೇ ಹೆಚ್ಚಂತೆ, ನಮ್ಮ ಕಡೆ ಜೋಳ ಇದ್ದ ಹಾಗೆ. ಗಂಡ ಹಿಟ್ಟಿನ ಉಂಡೆಯನ್ನು ಎರಡೂ ಕೈಯಲ್ಲಿ ಎಳೆದು ಕಟ್ಟೆಗೆ ಪಟಪಟ ಬಡಿದು ಪಟ್ಟಿ ಮಾಡುತ್ತಾನೆ. ಬೆಂದ ಪಟ್ಟಿಯ ಮೇಲೆ ಹೆಂಡತಿ ಕಾರದ ಪುಡಿ, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು ಹಾಕಿ, ಕುದಿಯುವ ಎಣ್ಣೆಯನ್ನು ಸುರಿಯುತ್ತಾಳೆ. ಚುಂಯ್ ಎಂದು ಸದ್ದಾಗಿ ಘಮ್ಮೆನ್ನುತ್ತದೆ. ಒಗ್ಗರಣೆಗೆ ಪಾಸ್‌ಪೋರ್ಟ್ ಬೇಡ ಎಂದು ನನ್ನ ಗಂಡ ಅನ್ನುತ್ತಿದ್ದ. ಅವನು ಮೈಸೂರಿನವನು, ಮಾತು ಮೆತ್ತಗೆ. ನಾನು ಗದಗಿನವಳು, ನನ್ನ ಮಾತಿನ ಬಗ್ಗೆ ನಾನೇ ಹೇಳಬಾರದು.

ಪ್ರತಿ ಶನಿವಾರ ಮಧ್ಯಾಹ್ನ ನಾವು ಅಲ್ಲಿಗೆ ಹೋಗುತ್ತಿದ್ದೆವು. ಅವನಿಗೊಂದು ಬಟ್ಟಲು, ನನಗೊಂದು. ನನಗೆ ಒಂದಿನವೂ ಪೂರ್ತಿ ಮುಗಿಯುತ್ತಿರಲಿಲ್ಲ. ಕೊನೆಯ ಎರಡು ಮೂರು ಪಟ್ಟಿ ಉಳಿದಾಗ ಬಟ್ಟಲನ್ನು ಮೇಜಿನ ನಡುವಿಗೆ ತಳ್ಳುತ್ತಿದ್ದೆ. ಅವನು ತನ್ನದನ್ನು ಮುಗಿಸಿ, ಯಾವುದೋ ಮಾತಿನಲ್ಲಿದ್ದುಕೊಂಡೇ, ನೋಡದೆಯೇ ಕೈಚಾಚಿ ನನ್ನ ಬಟ್ಟಲನ್ನು ಎಳೆದುಕೊಳ್ಳುತ್ತಿದ್ದ. ನಾನು ಕಚ್ಚಿ ಬಿಟ್ಟ ಪಟ್ಟಿ, ನನ್ನ ತುಟಿಯ ಎಣ್ಣೆ ಹತ್ತಿದ ಅಂಚು, ಎಲ್ಲವನ್ನೂ ತಿಂದು ತಳದ ಕಾರವನ್ನು ಬಟ್ಟಲು ಎತ್ತಿ ಕುಡಿದುಬಿಡುತ್ತಿದ್ದ. ಬೇಕಾ ಎಂದು ಅವನು ಕೇಳಿದವನಲ್ಲ, ತಗೋ ಎಂದು ನಾನು ಹೇಳಿದವಳಲ್ಲ. ಬಡಿಸುವ ಹೆಂಗಸಿಗೂ ಅಭ್ಯಾಸವಾಗಿ, ನನ್ನ ಬಟ್ಟಲನ್ನು ಅವನ ಕಡೆಯಿಂದಲೇ ಎತ್ತಿಕೊಂಡು ಹೋಗುತ್ತಿದ್ದಳು.

ನಮ್ಮದೇನು ಸಿನಿಮಾದ ಪ್ರೀತಿಯಲ್ಲ. ಹೂವು ತಂದು ಕೊಟ್ಟವನಲ್ಲ, ನಾನು ಕೇಳಿದವಳೂ ಅಲ್ಲ. ಟುಲಿಪ್ ಹೂವಿನ ದೇಶದಲ್ಲಿದ್ದೂ ನಮ್ಮ ಮನೆಯ ಹೂದಾನಿಯಲ್ಲಿ ಪೆನ್ನು, ಕತ್ತರಿ ಇರುತ್ತಿದ್ದವು. ಆದರೆ ಆ ಬಟ್ಟಲಿನ ಮೇಲೆ ನನಗೆ ತಾಳಿಗಿಂತ ಹೆಚ್ಚು ನಂಬಿಕೆಯಿತ್ತು. ತಾಳಿಯನ್ನು ನಾನು ಆಫೀಸಿಗೆ ಹೋಗುವಾಗ ಬಿಚ್ಚಿಡುತ್ತಿದ್ದೆ, ಬಟ್ಟಲನ್ನು ಒಂದು ಶನಿವಾರವೂ ಬಿಟ್ಟವಳಲ್ಲ.

ಅವ್ವ ಮೊದಲ ಸಲ ಬಂದಾಗ ಅವಳನ್ನೂ ಅಲ್ಲಿಗೆ ಕರೆದೊಯ್ದಿದ್ದೆವು. ಚೀನಾದವರು ಹಾವು ಹಲ್ಲಿ ಹಾಕಿರುತ್ತಾರೆಂದು ದಾರಿಯುದ್ದಕ್ಕೂ ಗೊಣಗಿದಳು. ಸೊಪ್ಪು ಬಿಟ್ಟರೆ ಬೇರೇನೂ ಹಾಕಿಸುವುದಿಲ್ಲವೆಂದು ಅಳಿಯ ಮಾತು ಕೊಟ್ಟ ಮೇಲೆ ಒಪ್ಪಿದಳು. ಕೈಚೀಲದಲ್ಲಿ ತನ್ನದೇ ಸ್ಟೀಲ್ ಲೋಟ, ತನ್ನದೇ ಚಮಚ. ಬಾಗಿಲು ತೆಗೆದದ್ದೇ ತಡ, ಅವ್ವ ನಿಂತುಬಿಟ್ಟಳು.

“ಯಾರೋ ರೊಟ್ಟಿ ಬಡ್ಯಾಕತ್ತಾರಲ್ಲ,” ಅಂದಳು.

ಹಿಟ್ಟು ಕಟ್ಟೆಗೆ ಬೀಳುವ ಸದ್ದು. ನಾನು ಅಷ್ಟು ದಿನ ಕೇಳಿದ್ದೆ, ನನಗೆ ಹೊಳೆದಿರಲಿಲ್ಲ. ಅವ್ವನ ಕಿವಿಯೇ ಬೇರೆ. ಆಮೇಲೆ ಒಗ್ಗರಣೆ ಸುರಿದದ್ದೂ ಕೇಳಿಸಿ, ಇವರು ನಮ್ಮವರೇ, ಮುಖ ಅಷ್ಟೇ ಬೇರೆ ಎಂದು ತೀರ್ಪು ಕೊಟ್ಟಳು. ಚಮಚಕ್ಕೆ ಪಟ್ಟಿ ಸಿಗದೆ ಕೈಹಾಕಿ ತಿಂದಳು. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ನೀರು ಕುಡಿದಳು. ಪಕ್ಕದ ಮೇಜಿನ ಡಚ್ ದಂಪತಿ ಸರ್ಕಸ್ ನೋಡುವ ಹಾಗೆ ನೋಡಿದರು.

ಆಗ ಅವನು ಎಂದಿನ ಹಾಗೆ ನನ್ನ ಬಟ್ಟಲನ್ನು ಎಳೆದುಕೊಂಡ. ಅವ್ವನ ಕೈ ಅಲ್ಲೇ ನಿಂತಿತು. ಮನೆಗೆ ಬಂದು ಅವನು ಸ್ನಾನಕ್ಕೆ ಹೋದ ಮೇಲೆ ನನ್ನನ್ನು ಅಡುಗೆಮನೆಗೆ ಎಳೆದು ಬೈದಳು. ಹೆಂಗಸರ ಎಂಜಲನ್ನು ಗಂಡಸರ ಬಾಯಿಗಿಡುತ್ತಾರೇನು, ಆಯುಷ್ಯ ಕಡಿಮೆಯಾಗುತ್ತದೆ, ನಿನಗೆ ಬುದ್ಧಿ ಬೇಡವೇ ಎಂದೆಲ್ಲ. ಆಮೇಲೆ, ನಿಮ್ಮಪ್ಪ ಉಂಡ ತಾಟಿನಾಗ ನಾ ನಲವತ್ತು ವರ್ಷ ಉಂಡೆ, ನನ್ನ ತಾಟು ಅವರು ಒಂದಿನಾ ಮುಟ್ಟಲಿಲ್ಲ ಎಂದು ಹೇಳಿ, ಸೆರಗಿನಿಂದ ಕಟ್ಟೆ ಒರೆಸತೊಡಗಿದಳು. ಒರೆಸುವಂಥದ್ದೇನೂ ಅಲ್ಲಿರಲಿಲ್ಲ.

ಗದಗಿಗೆ ವಾಪಸಾದ ಮೇಲೆ ಓಣಿಯ ಹೆಂಗಸರಿಗೆಲ್ಲ ಇದನ್ನೇ ಹೇಳಿಕೊಂಡು ತಿರುಗಿದಳೆಂದು ಅಣ್ಣ ಫೋನಿನಲ್ಲಿ ನಕ್ಕ. ವಿಮಾನ ಹೇಗಿತ್ತು, ಗಾಳಿಗಿರಣಿ ನೋಡಿದಿರಾ ಎಂದು ಯಾರು ಏನು ಕೇಳಿದರೂ ಅವಳದು ಒಂದೇ ಉತ್ತರವಂತೆ: ನಮ್ಮ ಅಳಿಯ ನನ್ನ ಮಗಳ ಬಟ್ಟಲದಾಗಿಂದು ಉಣ್ತಾನ. ಬೈಗುಳದ ದನಿಯಲ್ಲೇ ಹೇಳುತ್ತಿದ್ದಳಂತೆ. ಹಿಗ್ಗನ್ನು ಬೈಗುಳದೊಳಗೆ ಸುತ್ತಿ ಕೊಡುವುದು ನಮ್ಮ ಮನೆತನದ ರೂಢಿ.

ಈ ವರ್ಷದ ಚಳಿಗಾಲದಲ್ಲಿ ಅವನು ಬಿಟ್ಟು ಹೋದ.

ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಅವನು ಬಾಗಿಲಿಗೆ ಒರಗಿ ನಿಂತು, ತನಗೆ ಈ ಮನೆಯಲ್ಲಿ ಉಸಿರಾಡಲು ಆಗುತ್ತಿಲ್ಲ, ಬಹಳ ದಿನದಿಂದ ಆಗುತ್ತಿಲ್ಲ ಎಂದ. ಬೇರೆ ಯಾರಾದರೂ ಇದ್ದಾರಾ ಎಂದು ಕೇಳಿದೆ. ಇಲ್ಲವೆಂದ. ನಾನು ನಂಬಿದೆ, ಈಗಲೂ ನಂಬುತ್ತೇನೆ. ಇದ್ದಿದ್ದರೆ ಬೈಯಲಾದರೂ ಒಬ್ಬಳು ಸಿಗುತ್ತಿದ್ದಳು. ಏನು ಮಾಡಿದೆ ನಾನು ಎಂದು ಕೇಳಿದ್ದಕ್ಕೆ, ನೀನು ಏನೂ ಮಾಡಿಲ್ಲ ಎಂದ. ಅದಕ್ಕಿಂತ ಕ್ರೂರವಾದ ಮಾತನ್ನು ನಾನು ಕೇಳಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರಲ್ಲ, ಜಗಳವಾಗಿದ್ದರೆ ತಾನೇ ಉಂಡು ಮಲಗಿ ಮುಗಿಸುವುದು? ಜಗಳವನ್ನೂ ಆಡದೆ ಆಲ್ಮೆರೆ ಎಂಬ ಪಕ್ಕದ ಊರಿನಲ್ಲೊಂದು ಕೋಣೆ ಹಿಡಿದು ಹೋದ. ಹೋಗುವಾಗ ಕಸದ ಚೀಲವನ್ನೂ ಕೆಳಗೆ ಒಯ್ದು ಹಾಕಿದ. ಅಷ್ಟು ಒಳ್ಳೆಯವನು, ಅವನ ಮನೆ ಹಾಳಾಗ.

ಅಷ್ಟರಲ್ಲಿ ಅವ್ವನ ವೀಸಾ ಬಂದಿತ್ತು, ಟಿಕೆಟ್ ಆಗಿತ್ತು. ಬರಬೇಡ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ, ಇದ್ದ ಒಂದೇ ಕಾರಣವನ್ನು ಹೇಳುವಂತಿರಲಿಲ್ಲ. ಅವನಿಗೆ ಫೋನ್ ಮಾಡಿ, ಅವ್ವ ಇರುವಷ್ಟು ದಿನ ಶನಿವಾರಕ್ಕೊಮ್ಮೆ ಬಂದು ಗಂಡನಾಗಿ ಕೂತು ಹೋಗು ಎಂದೆ. ಅವನು ಸರಿ ಎಂದ. ಉತ್ತರದ ಗ್ರೋನಿಂಗನ್‌ನಲ್ಲಿ ಹೊಸ ಪ್ರಾಜೆಕ್ಟ್, ಭಾನುವಾರವೂ ಕೆಲಸ, ಹಾಗಾಗಿ ಶನಿವಾರ ಬೆಳಗ್ಗೆ ಬಂದು ಸಂಜೆಯ ರೈಲಿಗೆ ಹೊರಡುತ್ತಾನೆ ಎಂದು ಕತೆ ಕಟ್ಟಿದೆವು. ಭಾನುವಾರ ಕೆಲಸ ಮಾಡುವ ಡಚ್ಚರನ್ನು ನಾನು ಈವರೆಗೆ ಕಂಡಿಲ್ಲ. ಅವ್ವನಿಗೆ ಅದು ಗೊತ್ತಿಲ್ಲ ಎಂಬುದೇ ಧೈರ್ಯ.

ಅವ್ವನ ಮರ್ಯಾದೆಗೆ, ಅವಳ ರಕ್ತದೊತ್ತಡಕ್ಕೆ ಹೆದರಿ ಈ ನಾಟಕ ಎಂದು ಅವನಿಗೆ ಹೇಳಿದ್ದೆ. ಅದು ಅರ್ಧ ನಿಜ. ಉಳಿದರ್ಧವನ್ನು ಇಲ್ಲಿ ಬರೆಯುತ್ತೇನೆ. ಅವನು ಬಂದು ಸೋಫಾದಲ್ಲಿ ತನ್ನ ಜಾಗದಲ್ಲಿ ಕೂತರೆ, ತನ್ನ ಲೋಟದಲ್ಲಿ ಚಹಾ ಕುಡಿದರೆ, ನಾಟಕ ಮಾಡುತ್ತ ಮಾಡುತ್ತ ಎಲ್ಲೋ ಒಂದು ಕಡೆ ಅವನಿಗೇ ಮರೆತುಹೋಗಿ ಮನೆಯಲ್ಲೇ ಉಳಿದುಬಿಡಬಹುದು ಎಂದುಕೊಂಡಿದ್ದೆ. ಅವನು ವಾಪಸು ಬರಬೇಕಿತ್ತು ನನಗೆ. ಬೇರೆ ಏನೂ ಬೇಕಿರಲಿಲ್ಲ. ಬಚ್ಚಲಿನಲ್ಲಿ ಅವನ ಜಾಗದಲ್ಲಿ ಹೊಸ ಹಲ್ಲುಜ್ಜುವ ಬ್ರಶ್ ಇಟ್ಟೆ. ಬಾಗಿಲ ಬಳಿ ಅವನ ಹಳೆಯ ಚಪ್ಪಲಿ ಇಟ್ಟೆ. ಅವ್ವನಿಗಾಗಿ ಇಟ್ಟದ್ದು ನಿಜ, ಆದರೆ ಬೆಳಗ್ಗೆ ಎದ್ದು ಅವನ್ನು ನೋಡಿ ಸಮಾಧಾನ ಪಡುತ್ತಿದ್ದವಳು ನಾನು.

ಶನಿವಾರಗಳು ಚೆನ್ನಾಗಿಯೇ ನಡೆದವು. ಅವನು ಬರುತ್ತಿದ್ದ, ಅವ್ವನ ಕಾಲು ಮುಟ್ಟುತ್ತಿದ್ದ, ರೊಟ್ಟಿ, ಎಣ್ಣೆಗಾಯಿ ಹೊಗಳಿ ಉಣ್ಣುತ್ತಿದ್ದ, ಕೆಟ್ಟ ನಲ್ಲಿಯೊಂದನ್ನು ರಿಪೇರಿ ಮಾಡಿದ. ಅವ್ವ ಬಡಿಸುತ್ತಿದ್ದುದರಿಂದ ನನ್ನ ತಾಟು ನನ್ನದು, ಅವನ ತಾಟು ಅವನದು. ಯಾವ ಪರೀಕ್ಷೆಯೂ ಇರಲಿಲ್ಲ. ಸಂಜೆ ಅವನು ಹೊರಟಾಗ ಅವ್ವ ಡಬ್ಬಿಯಲ್ಲಿ ಶೇಂಗಾ ಚಟ್ನಿ ಕಟ್ಟಿ ಕೊಡುತ್ತಿದ್ದಳು. ಅವನು ನನ್ನ ಕಡೆ ನೋಡದೆ ತೆಗೆದುಕೊಳ್ಳುತ್ತಿದ್ದ.

ಅವ್ವ ಊರಿಗೆ ಹೊರಡುವ ಮುಂಚಿನ ಕೊನೆಯ ಶನಿವಾರ. ನಾನು ಅಡುಗೆಗೆ ಏಳುವುದರೊಳಗೆ ಅವ್ವ ಇಳಕಲ್ ಸೀರೆ ಉಟ್ಟು, ಮೇಲೆ ನನ್ನ ಕೋಟು ಹಾಕಿಕೊಂಡು ತಯಾರಾಗಿ ಕೂತಿದ್ದಳು. ಇವತ್ತು ಮನೆಯಲ್ಲಿ ಒಲೆ ಹಚ್ಚುವುದು ಬೇಡ, ಆ ರೊಟ್ಟಿ ಬಡಿಯುವ ಅಂಗಡಿಗೆ ಹೋಗೋಣ ಎಂದಳು. ಅಲ್ಲಿ ಈಗ ಮೊದಲಿನ ರುಚಿ ಇಲ್ಲ ಎಂದೆ. ಮೂವರಿಗೆ ಜಾಗ ಸಿಗುವುದಿಲ್ಲ ಎಂದೆ. ಅವ್ವ ಕೋಟಿನ ಗುಂಡಿ ಬಿಚ್ಚಲಿಲ್ಲ. ಅವನು ಬಂದ ಮೇಲೆ ಅವನಿಗೂ ಅದನ್ನೇ ಹೇಳಿದಳು. ಅವನು, “ಆಯ್ತಮ್ಮ, ಹೋಗೋಣ” ಎಂದ. ಒಂದು ಕ್ಷಣ ನಮ್ಮ ಕಣ್ಣು ಕೂಡಿತು. ಇಬ್ಬರಿಗೂ ಒಂದೇ ಬಟ್ಟಲು ನೆನಪಾಗಿತ್ತು, ಅದು ನನಗೆ ಗೊತ್ತಾಯಿತು.

ಟ್ರಾಮಿನಲ್ಲಿ ಅವರಿಬ್ಬರೂ ಮುಂದೆ, ನಾನು ಹಿಂದೆ. ಅವನ ಕುತ್ತಿಗೆಯ ಹಿಂಬದಿ ನೋಡುತ್ತ ಕೂತೆ. ಕೂದಲು ಬೇರೆ ಥರ ಕತ್ತರಿಸಿಕೊಂಡಿದ್ದ. ಇವತ್ತು ಬಟ್ಟಲು ತಳ್ಳುತ್ತೇನೆ, ಅವನು ತೆಗೆದುಕೊಂಡರೆ ಇನ್ನೂ ಉಳಿದಿದೆ, ತೆಗೆದುಕೊಳ್ಳದಿದ್ದರೆ ಇಲ್ಲ ಎಂದು ನನಗೆ ನಾನೇ ಪಂದ್ಯ ಕಟ್ಟಿಕೊಂಡೆ. ಓದಿದವಳು, ಲ್ಯಾಬಿನಲ್ಲಿ ಕೆಲಸ ಮಾಡುವವಳು, ಹೂವು ಬಲಕ್ಕೆ ಬೀಳಲಿ ಎಂದು ದೇವರ ಮುಂದೆ ಕೂತವಳ ಹಾಗೆ ಕೂತಿದ್ದೆ.

ಅಂಗಡಿಯ ಹೆಂಗಸು ನಮ್ಮನ್ನು ನೋಡಿ ಮುಖವರಳಿಸಿದಳು. ಬಹಳ ದಿನವಾಯಿತು ಎಂದು ಡಚ್ಚಿನಲ್ಲಿ ಹೇಳಿ, ಕಿಟಕಿಯ ಪಕ್ಕದ ಹಳೆಯ ಮೇಜನ್ನೇ ಕೊಟ್ಟಳು. ಅವ್ವ ಚೀಲದಿಂದ ಲೋಟ, ಚಮಚ ತೆಗೆದಿಟ್ಟಳು. ಒಳಗೆ ಹಿಟ್ಟು ಬಡಿಯುವ ಸದ್ದು. ಮೂರು ಬಟ್ಟಲು ಬಂದವು. ಅವನು ಅವ್ವನಿಗೆ ಪಟ್ಟಿಗಳನ್ನು ಕಡ್ಡಿಯಲ್ಲಿ ಬಿಡಿಸಿ ಕೊಟ್ಟ, ಕಾರ ಜಾಸ್ತಿಯಾಯಿತೇನೋ ಎಂದು ವಿಚಾರಿಸಿದ. ಅವ್ವ ಮಾತಾಡುತ್ತಲೇ ಇದ್ದಳು. ಓಣಿಯ ಸುದ್ದಿ, ಅಣ್ಣನ ಮಗಳ ಪರೀಕ್ಷೆ, ಸೊಸೆಯ ಹೊಸ ಮಿಕ್ಸಿ. ನಾನು ಕಚ್ಚಿದೆ, ಬಿಟ್ಟೆ, ಕಚ್ಚಿದೆ, ಬಿಟ್ಟೆ. ರುಚಿ ಮೊದಲಿನ ಹಾಗೆಯೇ ಇತ್ತು, ಅದೇ ಸಂಕಟ.

ಎರಡು ಪಟ್ಟಿ ಉಳಿದವು. ನಾನು ಬಟ್ಟಲನ್ನು ಮೇಜಿನ ನಡುವಿಗೆ ತಳ್ಳಿದೆ.

ಅವ್ವನ ಮಾತು ನಿಂತಿತು. ಅವಳು ಕಿಟಕಿಯ ಹೊರಗೆ ನೋಡತೊಡಗಿದಳು. ಹೊರಗೆ ಒಬ್ಬ ಮುದುಕ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದ. ಇತ್ತ ನನ್ನ ಗಂಡನ ಬಟ್ಟಲು ಮುಗಿಯುತ್ತ ಬಂದಿತ್ತು. ಕೊನೆಯ ಪಟ್ಟಿ ತಿಂದ, ತಳದ ಕಾರವನ್ನು ಕುಡಿಯಲಿಲ್ಲ. ಕಾಗದದಿಂದ ಬಾಯಿ ಒರೆಸಿಕೊಂಡು ಅದನ್ನು ಮಡಿಸಿ, ಮತ್ತೆ ಮಡಿಸಿ ಪಕ್ಕಕ್ಕಿಟ್ಟ. ಅವನ ಕೈ ಮೇಜಿನ ಮೇಲೆ ನನ್ನ ಬಟ್ಟಲಿನಿಂದ ಒಂದು ಗೇಣು ದೂರದಲ್ಲಿತ್ತು. ನಾನು ಆ ಕೈಯನ್ನೇ ನೋಡುತ್ತಿದ್ದೆ. ತಗೋ, ತಗೋ, ನಾಟಕಕ್ಕಾದರೂ ತಗೋ ಎಂದು ಒಳಗೊಳಗೇ ಅಂಗಲಾಚಿದೆ. ಬಡಿಸುವ ಹೆಂಗಸು ಬಟ್ಟಲು ಎತ್ತಲು ಬಂದಳು. ನನ್ನದರಲ್ಲಿ ಉಳಿದದ್ದನ್ನು ಕಂಡು, ಇನ್ನೂ ಅವನು ತಿನ್ನುವುದಿದೆ ಎಂದು ನಕ್ಕು ಹಿಂದಿರುಗಿದಳು.

“ನಿಂಗೆ ಸಾಕಾ?” ಅವನು ಕೇಳಿದ. “ಪಾರ್ಸಲ್ ಮಾಡಿಸ್ಲಾ?”

ಅತಿಥಿಯನ್ನು ಕೇಳುವ ದನಿ. ಎಷ್ಟು ಮೃದುವಾಗಿ ಕೇಳಿದ ಎಂದರೆ, ಅದಕ್ಕಿಂತ ಬಟ್ಟಲನ್ನು ನೆಲಕ್ಕೆ ಬಿಸಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನಾಟಕ ಮಾಡಲು ಒಪ್ಪಿದ್ದವನಿಗೂ ಅದೊಂದು ಸುಳ್ಳು ಮಾತ್ರ ಆಗಲಿಲ್ಲ. ಚಟ್ನಿಯ ಡಬ್ಬಿ ತೆಗೆದುಕೊಂಡ, ಕಾಲು ಮುಟ್ಟಿದ, ಮನೆಯ ಚಪ್ಪಲಿ ಹಾಕಿದ. ನನ್ನ ಎಂಜಲು ತಿನ್ನಲು ಆಗಲಿಲ್ಲ. ನಾನು ತಲೆಯಾಡಿಸಿದೆ. ಅವನು ಎದ್ದು ಡಬ್ಬಿ ತರಲು ಕೌಂಟರಿಗೆ ಹೋದ.

ಅವ್ವ ಕಿಟಕಿಯಿಂದ ಮುಖ ತಿರುಗಿಸಿದಳು.

“ಯಾವಾಗಿಂದ?”

ಸುಳ್ಳು ಹೇಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಚಳಿಗಾಲದಿಂದ ಎಂದೆ. ಅವ್ವ ಹೂಂಗುಟ್ಟಲಿಲ್ಲ, ಅಳಲಿಲ್ಲ, ಹಣೆ ಚಚ್ಚಿಕೊಳ್ಳಲಿಲ್ಲ. ನಾನು ಹೆದರಿದ್ದ ಯಾವುದನ್ನೂ ಮಾಡಲಿಲ್ಲ. ಕೈಚಾಚಿ ನನ್ನ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು.

“ಅವ್ವಾ, ಅದು ನನ್ನ ಎಂಜಲ,” ಎಂದೆ.

ಅವಳು ಕೈಹಾಕಿ, ನಾನು ಕಚ್ಚಿ ಬಿಟ್ಟ ಪಟ್ಟಿಯನ್ನು ಎತ್ತಿ ಬಾಯಿಗಿಟ್ಟಳು. ಜೀವಮಾನದಲ್ಲಿ ಮಕ್ಕಳ ತಾಟಿನದನ್ನೂ ಮುಟ್ಟದ ಹೆಂಗಸು. ನಾನು ಮಗುವಾಗಿದ್ದಾಗ ಕಚ್ಚಿಕೊಟ್ಟ ಪೇರಲ ಹಣ್ಣನ್ನು ಎಮ್ಮೆಗೆ ಹಾಕಿದವಳು. ಎರಡನೆಯ ಪಟ್ಟಿಯನ್ನೂ ತಿಂದಳು. ಬಟ್ಟಲನ್ನು ಎತ್ತಿ, ತನ್ನ ತುಟಿಯನ್ನು ನನ್ನ ತುಟಿಯ ಗುರುತಿನ ಮೇಲೆಯೇ ಇಟ್ಟು ತಳದ ಕಾರವನ್ನು ಕುಡಿದಳು. ಕಾರಕ್ಕೆ ಕಣ್ಣಲ್ಲಿ ನೀರು ಬಂತು. ಕಾರಕ್ಕೇ ಎಂದು ಹೇಳಲು ನಾನು ಯಾರು.

“ಬಿಟ್ಟು ಎದ್ದರ ಪಾಪ, ಮಾಡಿದಾಕಿ ಮನಸಿಗೆ ಕೆಟ್ಟ ಅನಸ್ತೈತಿ,” ಎಂದಳು.

ಅವನು ರಟ್ಟಿನ ಡಬ್ಬಿ ಹಿಡಿದು ಬಂದ. ಖಾಲಿ ಬಟ್ಟಲನ್ನು ನೋಡಿದ, ಅವ್ವನ ಕೈಯನ್ನು ನೋಡಿದ. ಬೆರಳುಗಳಿಗೆ ಕೆಂಪು ಎಣ್ಣೆ ಹತ್ತಿತ್ತು. ಡಬ್ಬಿ ಹಿಡಿದುಕೊಂಡೇ ನಿಂತ, ಕೂರಬೇಕೋ ಬೇಡವೋ ತಿಳಿಯದೆ.

“ನೀವು ಹೊರಡ್ರಿ,” ಎಂದಳು ಅವ್ವ. ಎಂದಿನ ಮರ್ಯಾದೆಯ ದನಿಯಲ್ಲೇ. “ರೈಲು ತಪ್ಪೀತು. ನಾವಿಬ್ಬರು ಟ್ರಾಮಿನ್ಯಾಗ ಹೋಗ್ತೀವಿ.”

ಆಗಿನ್ನೂ ಮಧ್ಯಾಹ್ನ. ಸಂಜೆಯ ರೈಲಿಗೆ ಬೇಕಾದಷ್ಟು ಹೊತ್ತಿತ್ತು. ಅವನಿಗೆ ಅರ್ಥವಾಯಿತು. ಬಗ್ಗಿ ಅವಳ ಕಾಲು ಮುಟ್ಟಿದ. ಅವ್ವ ಎಣ್ಣೆ ಹತ್ತದ ಎಡಗೈಯನ್ನು ಅವನ ತಲೆಯ ಮೇಲಿಟ್ಟಳು. ನನಗೆ ಸಿಟ್ಟು ಬಂತು, ಇಡಬಾರದಿತ್ತು ಅನ್ನಿಸಿತು. ಆದರೆ ಇಟ್ಟಳು. ಅವನು ಬಾಗಿಲವರೆಗೆ ಹೋಗಿ ಡಬ್ಬಿಯನ್ನು ಅಲ್ಲಿದ್ದ ಮೇಜಿನ ಮೇಲಿಟ್ಟು ಹೊರಟುಹೋದ. ಕಿಟಕಿಯಲ್ಲಿ ಅವನು ದಾಟಿ ಹೋಗುವುದು ಕಂಡಿತು. ತಿರುಗಿ ನೋಡಿದನೋ ಇಲ್ಲವೋ ಗೊತ್ತಿಲ್ಲ, ಅಷ್ಟರಲ್ಲಿ ನನಗೆ ಏನೂ ಕಾಣುತ್ತಿರಲಿಲ್ಲ.

ಟ್ರಾಮಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತು ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಬಾಯಿಗೆ ಶಾಲು ಒತ್ತಿ ಅಳುತ್ತಿದ್ದೆ. ಎದುರಿನವರು ಫೋನು ನೋಡುತ್ತಿದ್ದರು. ಯಾರೂ ಏನೂ ಕೇಳುವುದಿಲ್ಲ ಇಲ್ಲಿ. ಅವತ್ತು ಅದಕ್ಕೆ ಈ ದೇಶಕ್ಕೆ ಕೈಮುಗಿದೆ. ಅಳು ಸ್ವಲ್ಪ ಇಳಿದ ಮೇಲೆ, ನಿನಗೆ ಬಟ್ಟಲು ನೋಡಿ ಗೊತ್ತಾಯಿತಾ ಎಂದು ಕೇಳಿದೆ.

ಇಲ್ಲವೆಂದಳು. ಬಂದ ವಾರದಲ್ಲೇ ಗೊತ್ತಾಯಿತಂತೆ. ಬಚ್ಚಲಿನಲ್ಲಿದ್ದ ಅವನ ಬ್ರಶ್ ಹೊಚ್ಚ ಹೊಸದು, ಅವನು ಬಂದ ಶನಿವಾರವೂ ತೊಯ್ದಿರಲಿಲ್ಲವಂತೆ.

ಹಾಗಾದರೆ ಇಷ್ಟು ದಿನ ಸುಮ್ಮನಿದ್ದಳು. ಗೊತ್ತಿದ್ದೂ ಚಟ್ನಿ ಕಟ್ಟಿ ಕೊಟ್ಟಳು, ಗೊತ್ತಿದ್ದೂ ಎಣ್ಣೆಗಾಯಿ ಬಡಿಸಿದಳು. ನನಗೆ ತಲೆ ಕೆಟ್ಟಿತು. ಗೊತ್ತಿದ್ದ ಮೇಲೆ ಆ ಅಂಗಡಿಗೇ ಯಾಕೆ ಹಟ ಹಿಡಿದು ಕರೆದುಕೊಂಡು ಹೋದೆ, ನನ್ನ ಮಾನ ಕಳೆಯಲಿಕ್ಕಾ ಎಂದು ಸಿಡುಕಿದೆ. ನಮ್ಮ ನಿಲ್ದಾಣ ಹತ್ತಿರ ಬರುತ್ತಿತ್ತು. ಅವ್ವ ಕೋಟಿನ ಜೇಬಿನಲ್ಲಿ ಟ್ರಾಮಿನ ಕಾರ್ಡ್ ಇದೆಯೋ ಎಂದು ತಡಕಿ ನೋಡಿಕೊಂಡಳು.

“ಆ ಬಟ್ಟಲ ಮುಂದ ಕುಂತರ ತಗೋತಾನ ಅಂದ್ಕೊಂಡಿದ್ದಿ ನೀನು, ಹೌದಿಲ್ಲೋ?”

ಹೂಂ ಎಂದೆ.

“ನಾನೂ,” ಎಂದಳು ಅವ್ವ.